ಜೋಳದ ಚೀಟಿ

ಹೋದ ವಾರ ಸವದತ್ತಿಯ ಅಂಚೆ ಕಚೇರಿಯಲ್ಲಿ ನಿಂತಿದ್ದೆ. ಒಳಗೆ ಯಾರೋ ಪಾರ್ಸಲ್ಲಿಗೆ ಮುದ್ರೆ ಒತ್ತಲು ಅರಗು ಕಾಯಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಓಣಿಯ ಮಿಲಿಟರಿ ಕಾಕಾ ನೆನಪಾದರು...

ಕಾಕಾ ಗಡಿಯಲ್ಲಿ ಹಿಮಕ್ಕೆ ಕಾಲ್ಬೆರಳು ಕಳೆದುಕೊಂಡು ಊರಿಗೆ ಮರಳಿದವರು. ಕುಂಟುತ್ತಲೇ ಓಡಾಡಿ ಪಂಚಾಯ್ತಿ ಅಧ್ಯಕ್ಷರಾದರು. ಗ್ರಾಮಸಭೆಯೆಂದರೆ ಬರೀ ಸಹಿ ಎಂದುಕೊಂಡಿದ್ದ ನಮ್ಮನ್ನು, ಹೆಂಗಸರನ್ನೂ ಬಿಡದೆ, ಗುಡಿಕಟ್ಟೆಗೆ ಕರೆದು ಕೂರಿಸಿದರು. "ಗಡಿ ಕಾಯಾಕ ಸೈನ್ಯ ಐತಿ. ಊರು ಕಾಯೂದು ನಮ್ಮ ಕೆಲಸ" ಎನ್ನುತ್ತಿದ್ದರು.

ದೊಡ್ಡ ನೋಟು ರದ್ದಾದ ಆ ಚಳಿಗಾಲ, ಮುರಗೋಡದ ಬ್ಯಾಂಕಿನ ಮುಂದೆ ದಿನವಿಡೀ ನಿಂತರೂ ಬರಿಗೈಲಿ ಬರಬೇಕಿತ್ತು. ಹತ್ತಿ ಬಿಡಿಸಿದ ಹೆಂಗಸರಿಗೆ ಕೂಲಿ ಇಲ್ಲ, ಅಂಗಡಿಯಲ್ಲಿ ಉದ್ದರಿ ಬಂದ್. ನನ್ನ ಹಿಟ್ಟಿನ ಗಿರಣಿಯೂ ಸುಮ್ಮನೆ ನಿಂತಿತ್ತು. ಕಾಕಾ ಸಭೆ ಕರೆದು ರಟ್ಟಿನ ಚೀಟಿಯ ಮಾತೆತ್ತಿದರು. ಒಂದು ಚೀಟಿಗೆ ಒಂದು ಸೇರು ಜೋಳ. ಹೊಸ ನೋಟು ಬರುವತನಕ ಕೂಲಿ, ಕಿರಾಣಿ ಎಲ್ಲ ಅದರಲ್ಲೇ. ಅದಕ್ಕೆ ಜಾಮೀನು ಅವರ ಹಿತ್ತಲಿನ ಹಗೇವು. ನೆಲದಲ್ಲಿ ಆಳವಾಗಿ ತೋಡಿದ ಆ ಕಣಜದ ತುಂಬ ಜೋಳವಿತ್ತು. ಎಲ್ಲರೂ ಕೈ ಎತ್ತಿದರು. ನಕಲಿ ಆಗಬಾರದೆಂದು ಕಾಕಾ ಪ್ರತಿ ಚೀಟಿಗೂ ಅರಗು ಸುರಿದು, ತಮ್ಮ ವರ್ದಿಯ ಹಿತ್ತಾಳೆ ಬಟನ್ ಒತ್ತಿದರು.

ಗಿರಣಿ ಮತ್ತೆ ತಿರುಗಿತು. ಒಲೆಗಳು ಹೊತ್ತಿದವು...

ಆಮೇಲೊಂದು ದಿನ ಜೀಪಿನಲ್ಲಿ ಸಾಹೇಬರೊಬ್ಬರು ಬಂದರು. ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲರೆದುರು ಕಾಕಾನಿಗೆ ಕೇಳಿದರು: "ಸೈನ್ಯದ ಗುರುತು ಒತ್ತಿ ನೀವ ರೊಕ್ಕಾ ಮಾಡ್ತೀರೇನು? ಇದು ದೇಶದ್ರೋಹ." ಕಾಕಾನ ಮುಖ ಹಾಗೆ ಸುಣ್ಣವಾದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಜೀಪು ಹೋದದ್ದೇ, ಚೀಟಿ ಇಟ್ಟುಕೊಂಡವರ ಮೇಲೂ ಕೇಸಾಗುತ್ತದೆಂದು ಸುದ್ದಿ ಹಬ್ಬಿತು. ಜನ ಕಾಕಾನ ಹಿತ್ತಲಿಗೆ ನುಗ್ಗಿದರು.

"ಕಾಕಾ, ನಮ್ಮ ಜೋಳ ನಮಗ ಕೊಟ್ಟಬಿಡ್ರಿ."

"ಕೊಡತೇನ್ರಪಾ. ಹಗೇವು ಈಗ ತಗದೇನಿ, ಒಳಗ ಕೆಟ್ಟ ಗಾಳಿ ಇರತೈತಿ, ಉಸಿರು ಕಟ್ಟತೈತಿ. ನಾಳೆ ಮುಂಜಾನೆ ಬರ್ರಿ."

"ನಾಳೆ ಅನ್ನೂದ್ರಾಗ ಪೊಲೀಸರು ಒಯ್ತಾರ!" ಎಂದರು ಹಿಂದಿನಿಂದ ಯಾರೋ. "ಜೋಳ ಇದ್ರ ತೋರಸ್ರಿ!" ಎಂದು ಇನ್ನೊಬ್ಬರು ಕೂಗಿದರು.

ಆ ಮಾತು ಕಾಕಾನಿಗೆ ನಾಟಿತು. "ಹೋಗಬ್ಯಾಡ್ರಿ" ಎಂದು ಅವರ ಹೆಂಡತಿ, ನಮ್ಮ ಕಾಕು, ತೋಳು ಹಿಡಿದರು. ನಾನೂ ಬೇಡವೆಂದು ಕೂಗಿ ಹೇಳಿದೆ. ಕಾಕಾ ಬುಟ್ಟಿ ಹಿಡಿದು, ಹಗ್ಗ ಕಟ್ಟಿಕೊಂಡು ಇಳಿದೇಬಿಟ್ಟರು. ಹಗ್ಗ ಸ್ವಲ್ಪ ಹೊತ್ತು ಅಲ್ಲಾಡಿತು. ಆಮೇಲೆ ನಿಂತಿತು. ಎಳೆದು ಮೇಲೆ ತಂದಾಗ ಮೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ...

ದಿನಕರ್ಮ ಮುಗಿದ ಮೇಲೆ ಕಾಕು ತಾವೇ ಮನೆಯ ಕಟ್ಟೆಯ ಮೇಲೆ ಕೂತು, ಚೀಟಿ ತಂದವರಿಗೆಲ್ಲ ಜೋಳ ಅಳೆದು ಕೊಟ್ಟರು. ಕೂಗಿದವರೂ ಬಂದು ಒಯ್ದರು. ಯಾರ ಮುಖವನ್ನೂ ಕಾಕು ನೋಡಲಿಲ್ಲ. ಹಗೇವು ಬರಿದಾದ ಮೇಲೆ ಮನೆಗೆ ಬೀಗ ಹಾಕಿ ರಾಮದುರ್ಗದ ತಂಗಿಯ ಮನೆ ಸೇರಿದರು.

ಅಂಚೆ ಕಚೇರಿಯಿಂದ ಹೊರಬಂದವಳು ಊರ ಬಸ್ಸು ಬಿಟ್ಟು ರಾಮದುರ್ಗದ ಬಸ್ಸು ಹತ್ತಿದೆ. ಕಾಕುವಿನ ಕಣ್ಣು ಈಗ ಮಂಜಾಗಿವೆ. ದನಿಯಿಂದಲೇ ನನ್ನ ಗುರುತು ಹಿಡಿದು, ಕೈ ಹಿಡಿದುಕೊಂಡು ಕೇಳಿದರು: "ಊರಾಗ ಅವರ ಹೆಸರು ಯಾರರ ತಗೀತಾರೇನವಾ?"

"ಹೂಂನ್ರಿ ಕಾಕು. ಊರು ಕಾದವರು ಅಂತಾರ."

ಅವರು ತಲೆಯಾಡಿಸಿದರು. ನಮ್ಮೂರಿನ ಹುಡುಗರಿಗೆ ಕಾಕಾ ಗೊತ್ತಿರುವುದು ಒಂದೇ ರೀತಿ: ಹಗೇವಿನಾಗ ಸತ್ತವರು.