ಪದ್ಮಮ್ಮ ಕೂರದ ಜಗುಲಿ

ಮೊನ್ನೆ ಸಾಗರದ ಪೇಟೆಯಲ್ಲಿ ಕರಡ ಹೇರಿಕೊಂಡ ಗಾಡಿಯೊಂದು ನನ್ನ ಮೂಗಿಗೆ ತಾಗುವಷ್ಟು ಹತ್ತಿರದಿಂದ ಹೋಯಿತು. ಕರಡವೆಂದರೆ ನಿಮಗೆ ಗೊತ್ತಲ್ಲ, ಬ್ಯಾಣದಲ್ಲಿ, ಅಂದರೆ ಮನೆಗೆ ಸೇರಿದ ಹುಲ್ಲುಗಾವಲಿನಲ್ಲಿ, ನಿಂತಲ್ಲೇ ಒಣಗುವ ಹುಲ್ಲು. ಬಿಸಿಲಿಗೊಂದು ವಾಸನೆ ಇದ್ದರೆ ಅದು ಇದೇ. ತರಬೇಕಾಗಿದ್ದ ಸೋಪನ್ನು ಮರೆತು ಗಾಡಿಯ ಹಿಂದೆ ನಾಲ್ಕು ಹೆಜ್ಜೆ ನಡೆದೆ. ಗಾಡಿಯವನು ತಿರುಗಿ, "ಎಂತ ಬೇಕಿತ್ತು ಅಜ್ಜಾರೆ?" ಎಂದ. ಏನು ಹೇಳಲಿ? ನನಗೆ ಬೇಕಾಗಿದ್ದದ್ದು ಹುಂಚದ ಹತ್ತಿರದ ಒಂದು ಜಗುಲಿ, ಅದರ ಮೇಲೆ ಕೂರದೆ ನಿಂತೇ ಇರುತ್ತಿದ್ದ ಒಬ್ಬ ಹೆಂಗಸು.

ಆ ಜಗುಲಿಯ ಮೇಲೆ ನಾನು ಮೊದಲ ಸಲ ಕುಳಿತ ಸಂಜೆ ಅಲ್ಲಿ ನಾಲ್ವರಿದ್ದೆವು. ಊರಿನ ಶಾಲೆಗೆ ಹೊಸ ಮೇಷ್ಟ್ರಾಗಿ ಬಂದು ಆ ಮನೆಯ ಹೊರಕೋಣೆಯಲ್ಲಿ ಬಿಡಾರ ಹೂಡಿದ್ದ ನಾನು, ಮನೆಯ ಯಜಮಾನರು, ಘಟ್ಟದ ಕೆಳಗಿನಿಂದ ಬಂದು ಅಲ್ಲೇ ನೆಲೆಸಿದ್ದ, ಜಂಬಿಟ್ಟಿಗೆ ಕಲ್ಲು ಕಡಿಯುವ ಬಾಬಣ್ಣ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಯಜಮಾನರ ಹೆಂಡತಿ ಪದ್ಮಮ್ಮ. ಐವತ್ತರ ದಶಕದ ಮೊದಲ ವರ್ಷಗಳು. ನನಗಾಗ ಮೀಸೆಗಿಂತ ಉತ್ಸಾಹವೇ ದಟ್ಟವಾಗಿತ್ತು.

"ನೀವೂ ಕೂತ್ಕೊಳ್ಳಿ ಅಮ್ಮ" ಎಂದೆ.

"ನಂಗೆ ನೇಮ ಇದೆ ಮೇಷ್ಟ್ರೇ."

ಜೈನರ ಮನೆಗಳಲ್ಲಿ ನೇಮ ಹಿಡಿಯುವುದು ಹೊಸದಲ್ಲ. ಒಬ್ಬರು ಇಂತಿಷ್ಟು ಕಾಲ ಬೆಲ್ಲ ಬಿಡುತ್ತಾರೆ, ಇನ್ನೊಬ್ಬರು ಮಾವಿನಹಣ್ಣು ಬಿಡುತ್ತಾರೆ. ಜಗುಲಿ ಬಿಟ್ಟವರನ್ನು ಕಂಡದ್ದು ಅದೇ ಮೊದಲು. ಕಾರಣ ಹೇಳಿದವರು ಯಜಮಾನರು. ಹಿಂದಿನ ಬೇಸಿಗೆಯಲ್ಲಿ ಈ ಜಗುಲಿಗೆಂದು ಮನೆಯ ಹಿಂದಿನ ಬ್ಯಾಣದಲ್ಲಿ ಕಲ್ಲು ತೆಗೆಸಿದರಂತೆ. ಮೇಲಿನ ಮಣ್ಣು ಎಳೆಯುವಾಗ ಟಿಟ್ಟಿಭದ ಮೊಟ್ಟೆಗಳು ಅಡಿಗೆ ಸಿಕ್ಕಿಹೋದವು. ಅದು ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿ. ಮೊಟ್ಟೆಯ ಬಣ್ಣವೂ ನೆಲದ್ದೇ. ಯಾರ ಕಣ್ಣಿಗೂ ಬೀಳಲಿಲ್ಲ. ಜೋಡಿ ಹಕ್ಕಿಗಳು ನಾಲ್ಕು ದಿನ ಗುಂಡಿಯ ಮೇಲೆ ಸುತ್ತುತ್ತ ಕೂಗಿದವು. ಐದನೆಯ ದಿನ ಕೂಗು ನಿಂತಿತು. ಅಂದೇ ಪದ್ಮಮ್ಮ ನೇಮ ಹಿಡಿದರು: ಆ ಹಕ್ಕಿ ಮತ್ತೆ ಅಲ್ಲಿ ಕಾವಿಗೆ ಕೂರುವವರೆಗೆ ತಾನು ಈ ಕಲ್ಲಿನ ಮೇಲೆ ಕೂರುವುದಿಲ್ಲ.

"ತೆಗೆಸಿದ್ದು ನಾನು, ಕಡಿದಿದ್ದು ಇವನು. ನಿಂತ್ಕೊಂಡಿರೋದು ಮಾತ್ರ ಇವಳು" ಎಂದರು ಯಜಮಾನರು.

"ಮಣ್ಣಿನ ಜಗುಲಿ ಸಾಕು ಅಂದ್ರಿ ನೀವು. ಕಲ್ಲಿಂದೇ ಆಗ್ಬೇಕು ಅಂತ ಹಟ ಹಿಡಿದಿದ್ದು ನಾನಲ್ವಾ?" ಎಂದರು ಪದ್ಮಮ್ಮ.

"ಅಮ್ಮ ನಿತ್ಕಂಡಿದ್ರೆ ನಂಗೆ ಕೂಕಂಬುಕೇ ಮನ್ಸ್ ಬತ್ತಿಲ್ಲೆ" ಎಂದು ಬಾಬಣ್ಣ ಕಾಲು ಚಾಚಿ, ಗೋಡೆಗೆ ಒರಗಿ, ಎಲೆಗೆ ಸುಣ್ಣ ಹಚ್ಚಿದ.

ಪದ್ಮಮ್ಮನ ನೇಮ ಬರೀ ನಿಲ್ಲುವುದರಲ್ಲಿ ಮುಗಿಯುತ್ತಿರಲಿಲ್ಲ. ಗುಂಡಿ ತೋಡಿದ ಬಾಬಣ್ಣನ ಕೈಯಲ್ಲೇ ಅದರ ನೆಟ್ಟನೆಯ ಗೋಡೆಗಳನ್ನು ಒಡೆಸಿ ಇಳಿಜಾರು ಮಾಡಿಸಿದ್ದರು. ಬಿದ್ದ ಮೊಲ ಹತ್ತಿಕೊಂಡು ಹೋಗಲಿ ಎಂದು. ಪಕ್ಕಕ್ಕೆ ಎಳೆದಿದ್ದ ಮಣ್ಣನ್ನು ವಾಪಸು ಹರಡಿಸಿದರು. ಅದರ ಮೇಲೆ, ಕೊಟ್ಟಿಗೆಯ ಅಟ್ಟದಲ್ಲಿ ಕರಡ ಒಟ್ಟಿದ್ದ ಜಾಗದ ಧೂಳನ್ನು ಗುಡಿಸಿ ತಂದು ಚೆಲ್ಲಿದರು. "ಹುಲ್ಲಿನ ಬೀಜ ಎಲ್ಲಾ ಇದ್ರಲ್ಲೇ ಇರತ್ತೆ" ಎನ್ನುತ್ತ, ಸೀನುತ್ತ.

ಇಂಥ ನೆಲದ ಮೇಲೆ ನನ್ನ ಕಣ್ಣು ಬಿತ್ತು ನೋಡಿ. ವನಮಹೋತ್ಸವ ಹೊಸದಾಗಿ ಬಂದಿದ್ದ ಕಾಲ. ಎಲ್ಲಿ ಮರವಿಲ್ಲವೋ ಅದು ಪಾಳು ಎಂದು ನಾನು ನಂಬಿದ್ದೆ. ಪದ್ಮಮ್ಮ ತೀರ್ಥಹಳ್ಳಿಯ ತವರಿಗೆ ಹೋದ ದಿನ ನೋಡಿ, ಶಾಲೆಯ ಮಕ್ಕಳನ್ನು ಕಟ್ಟಿಕೊಂಡು, ಆ ಬ್ಯಾಣದ ತುಂಬ ಸಾಲಾಗಿ ಸಸಿ ನೆಟ್ಟೆ. ಅವರು ಬಸ್ಸಿಳಿದು ಬರುವ ಹೊತ್ತಿಗೆ ಎದೆಯುಬ್ಬಿಸಿ ಬೇಲಿಯ ಹತ್ತಿರ ನಿಂತಿದ್ದೆ.

ಅವರು ಒಂದು ಸಾಲಿನ ಕೊನೆಯವರೆಗೆ ನಡೆದು ನೋಡಿ ಬಂದರು. ಬೈಯಲಿಲ್ಲ.

"ಮರ ಆದ್ರೆ ಕಾಗೆ ಬಂದು ಕೂರತ್ತೆ, ಹದ್ದು ಕೂರತ್ತೆ. ಮೇಲಿಂದ ಅವಕ್ಕೆ ಮೊಟ್ಟೆ ಕಾಣಲ್ವಾ? ಆ ಹಕ್ಕಿ ಇನ್ನು ಬರತ್ತಾ ಮೇಷ್ಟ್ರೇ?"

ನನ್ನ ಎದೆ ಇಳಿಯಿತು. "ಈಗ್ಲೇ ಕಿತ್ತು ಬಿಸಾಕ್ತೀನಮ್ಮ."

"ಅಯ್ಯೋ, ಜೀವ ಇರೋ ಗಿಡ! ಒಂದು ತಪ್ಪಿನ ಮೇಲೆ ಇನ್ನೊಂದಾ?"

ಹಾಗಾಗಿ ಒಂದೊಂದು ಸಸಿಯನ್ನೂ ಬೇರಿನ ಮಣ್ಣು ಉದುರದ ಹಾಗೆ ಎಬ್ಬಿಸಿ, ಬುಟ್ಟಿಯಲ್ಲಿಟ್ಟು, ದೂರದ ಬಸ್ಸಿನ ರಸ್ತೆಯ ಬದಿಗೆ ಸಾಗಿಸಿ ನೆಟ್ಟೆವು. ಮಳೆಯಲ್ಲಿ, ಕೆಸರಿನಲ್ಲಿ, ಎರಡು ವಾರ. "ನೆಡುಕೆ ಒಂದ್ ದಿನ, ಕೀಳುಕೆ ಎರಡ್ ವಾರ. ನೀವ್ ಮಕ್ಳಿಗೆ ಲೆಕ್ಕ ಹೇಳಿಕೊಡುದ್ ಹೀಂಗೆಯಾ ಮಾಷ್ಟ್ರೆ?" ಎಂದು ಬಾಬಣ್ಣ ದಿನಕ್ಕೊಮ್ಮೆ ಕೇಳುತ್ತಿದ್ದ.

ಮುಂದಿನ ಬೇಸಿಗೆಗೆ ಹುಲ್ಲು ಪಾದ ಮುಚ್ಚುವಷ್ಟಾಯಿತು, ಹಕ್ಕಿಯಿಲ್ಲ. ಅದರ ಮುಂದಿನ ಬೇಸಿಗೆ ಮೊಲದ ಹಿಕ್ಕೆ ಕಂಡಿತು, ಬುರ್ಲಿ ಹಕ್ಕಿಗಳು ಕಾಲಡಿಯಿಂದ ಬುರ್ರನೆ ಎದ್ದವು. ಟಿಟ್ಟಿಭದ ಜೋಡಿಯೊಂದು ಬಂದು ಎರಡು ದಿನ ಓಡಾಡಿ, ಏನೋ ಸರಿಬರದೆ ಹೊರಟುಹೋಯಿತು. ಆ ಸಂಜೆ ಜಗುಲಿಯಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಚೌಕಟ್ಟಿಗೆ ಒರಗಿದ್ದ ಪದ್ಮಮ್ಮನ ಕಾಲು ಬಾತಿತ್ತು. ಯಜಮಾನರು ಅದನ್ನು ನೋಡಿ, ಬೇರೆ ಕಡೆ ನೋಡಿದರು.

"ಹುಲ್ಲು ಒತ್ತಾಯ್ತೇನೋ" ಎಂದರು ಪದ್ಮಮ್ಮ ತಮ್ಮಷ್ಟಕ್ಕೆ. "ಕೂತ್ರೆ ಅದಕ್ಕೆ ಸುತ್ತ ಕಾಣ್ಬೇಕಲ್ವಾ?"

ಮರುದಿನ ಬಾಬಣ್ಣ ಕಲ್ಲು ಕಡಿದಾಗ ಉಳಿದಿದ್ದ ಚೂರನ್ನೆಲ್ಲ ಹೊತ್ತು, ಅಷ್ಟರಲ್ಲಾದರೂ ಹುಲ್ಲು ಏಳದಿರಲಿ ಎಂದು ಬ್ಯಾಣದ ನಡುವೆ ಒಂದು ಅಂಗಳದಷ್ಟು ಜಾಗಕ್ಕೆ ಹರಡಿದ.

ಮೂರನೆಯ ಬೇಸಿಗೆಯ ಒಂದು ಸಂಜೆ ಅವನು ಬ್ಯಾಣದ ಕಡೆಯಿಂದ ಬಂದ. ಯಾವಾಗಲೂ ಗದ್ದಲ ಮಾಡುತ್ತ ಬರುವವನು ಅಂದು ಮಲಗಿದ ಮಗುವಿನ ಪಕ್ಕ ನಡೆಯುವವನಂತೆ ಬಂದ.

"ಅಮ್ಮಾ, ಕೂತಿತ್ ಕಾಣಿ. ಕಲ್ಲ್ ಚೂರ್ ಹಾಕಿದಲ್ಲೇ. ನಾಕ್ ಮೊಟ್ಟಿ."

"ಬನ್ನಿ ನೋಡೋಣ" ಎಂದು ನಾನು ಎದ್ದೆ.

"ಸುಮ್ನಿರಿ ಮೇಷ್ಟ್ರೇ. ನಾವು ಹೋದ್ರೆ ಅದು ಎದ್ದುಬಿಡತ್ತೆ" ಎಂದರು ಪದ್ಮಮ್ಮ.

ಹೊಸಿಲು ದಾಟಿದರು. ಸೆರಗಿನ ತುದಿಯಿಂದ ಜಗುಲಿಯ ಅಂಚನ್ನು ಒರೆಸಿದರು. ಕೂತರು. ಯಜಮಾನರು ಸರಿದು ಜಾಗ ಬಿಟ್ಟರು, ಅಷ್ಟು ಉದ್ದದ ಜಗುಲಿಯಲ್ಲಿ ಜಾಗಕ್ಕೆ ಕೊರತೆಯಿದ್ದಂತೆ. ಪದ್ಮಮ್ಮ ಅಂಗೈಯನ್ನು ಕಲ್ಲಿನ ಮೇಲಿಟ್ಟರು.

"ಸಂಜೆಗೂ ಎಷ್ಟು ಬೆಚ್ಚಗಿದೆಯಲ್ಲ ಇದು. ನೀವ್ಯಾರೂ ಹೇಳ್ಲೇ ಇಲ್ಲ."

ಗಾಡಿಯವನಿಗೆ ಇಷ್ಟೆಲ್ಲ ಹೇಳಲಾಗುತ್ತದೆಯೇ? ಒಂದು ಹಿಡಿ ಕರಡ ಬೇಡಿ ಜೇಬಿಗೆ ತುರುಕಿಕೊಂಡು, ಸೋಪಿಲ್ಲದೆ ಮನೆಗೆ ಬಂದೆ. ನಮ್ಮ ಬೀದಿಯ ಹುಡುಗರು ಎದುರಿನ ಖಾಲಿ ಜಾಗದಲ್ಲಿ ನೆಡಲು ಸಸಿ ತಂದು ಕಾಯುತ್ತಿದ್ದರು. ಮೊದಲ ಗಿಡ ಮೇಷ್ಟ್ರೇ ನೆಡಬೇಕಂತೆ. ಮೊದಲು ನೆಲ ನೋಡೋಣ ಎಂದೆ. ಅವರು ಮುಖ ಮುಖ ನೋಡಿಕೊಂಡರು. ಆದರೂ ಸಾಲಾಗಿ ನಿಂತು, ತಲೆ ತಗ್ಗಿಸಿ, ಆ ಕೊನೆಯಿಂದ ಈ ಕೊನೆಗೆ ನನ್ನ ಜೊತೆ ನಡೆದರು. ಎಲ್ಲೂ ಮೊಟ್ಟೆ ಸಿಗಲಿಲ್ಲ. ಆಮೇಲೆ ಸಸಿ ನೆಟ್ಟೆವು.