ಉಪ್ಪು ನೋಡದ ಸಾರು

ಶಿಕಾಗೋ ಬಳಿಯ ಲಿಸ್ಲ್ ಎಂಬ ಊರಿನ ನಮ್ಮ ಮನೆಗೆ ಎರಡು ಮೈಲಿ ದೂರದ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಇಡುವ ಫ್ರಿಜ್ಜು ಮಾಂಸದ ಕೌಂಟರಿನ ಪಕ್ಕದಲ್ಲೇ ಇದೆ. ಯಾವ ಪುಣ್ಯಾತ್ಮ ಹಾಗೆ ಜೋಡಿಸಿದನೋ ಕಾಣೆ. ಮೊದಲೆಲ್ಲ ನಾನು ಉಸಿರು ಬಿಗಿಹಿಡಿದು, ಒಂದು ಪೊಟ್ಟಣ ಎತ್ತಿಕೊಂಡು, ಮೆಂತ್ಯದ ಸೊಪ್ಪಿನ ಕಡೆಗೆ ಓಡಿಬಿಡುತ್ತಿದ್ದೆ. ಕಳೆದ ಶನಿವಾರ ಅಲ್ಲಿ ನಿಂತಿದ್ದಾಗ ಗಾಜಿನಾಚೆ ಯಂತ್ರದ ಗರಗಸ ಮೂಳೆ ಕೊಯ್ಯುವ ಸದ್ದು ಕೇಳಿತು. ಹಸಿ ಮಾಂಸದ ವಾಸನೆ ಬಂತು. ಯಾಕೋ ಕಾಲು ಕೀಳಲಾಗಲಿಲ್ಲ. ಮೊಹಿಂದರ್ ಆಂಟಿ ನೆನಪಾದರು. ಬದುಕಿನ ಕೊನೆಯ ಮೂವತ್ತು ಚಿಲ್ಲರೆ ವರ್ಷ ಮೊಟ್ಟೆಯನ್ನೂ ಬಾಯಿಗಿಡದಿದ್ದ ಹೆಂಗಸು ಮಾಂಸದ ಕೌಂಟರಿನ ಮುಂದೆ ನೆನಪಾಗುವುದೆಂದರೆ ನಿಮಗೆ ವಿಚಿತ್ರ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಟ್ಟು ಕೇಳಿ.

ಆಗ ನಾವಿದ್ದದ್ದು ಡೆಟ್ರಾಯಿಟಿನ ಪಕ್ಕದ ಲಿವೋನಿಯಾದಲ್ಲಿ. ಕಾರು ಕಂಪನಿಗಳು ಸರ್ಕಾರದ ಮುಂದೆ ಕೈಯೊಡ್ಡಿ ನಿಂತಿದ್ದ ಚಳಿಗಾಲ ಅದು. ನಾನು ಬ್ರೇಕಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದೆ. ಡಿಸೆಂಬರಿನ ಒಂದು ಬೆಳಿಗ್ಗೆ ನಮ್ಮಲ್ಲಿ ಹನ್ನೊಂದು ಜನರನ್ನು ಒಂದೇ ಕೋಣೆಗೆ ಕರೆದು, ಕೈಗೊಂದು ರಟ್ಟಿನ ಪೆಟ್ಟಿಗೆ ಕೊಟ್ಟು ಮನೆಗೆ ಕಳಿಸಿದರು. ಅಷ್ಟರಲ್ಲೇ ನನ್ನ ಗಂಡ ಶ್ರೀಧರನಿಗೆ ಶಿಕಾಗೋ ಕಡೆ ಗುತ್ತಿಗೆಯ ಕೆಲಸ ಸಿಕ್ಕಿತ್ತು. ಮನೆ ಮಾರೋಣವೆಂದರೆ ಕೊಳ್ಳುವವರಿಲ್ಲ. ಅವನು ಶುಕ್ರವಾರ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದು ಭಾನುವಾರ ಹಿಂತಿರುಗುತ್ತಿದ್ದ. ಏಳು ವರ್ಷದ ಮಗಳು ಅದಿತಿ ಸ್ಕೂಲಿಗೆ ಹೋದಮೇಲೆ ನಾನು ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಸಿಕ್ಕಸಿಕ್ಕಲ್ಲಿ ಅಪ್ಲೈ ಮಾಡುತ್ತಿದ್ದೆ. ಯಾರೂ ಉತ್ತರ ಬರೆಯುತ್ತಿರಲಿಲ್ಲ.

ಪಕ್ಕದ ಮನೆಯವರು ಪ್ರೀತಮ್ ಸಿಂಗ್ ಅಂಕಲ್, ಮೊಹಿಂದರ್ ಆಂಟಿ. ಅಂಕಲ್ ನಮ್ಮ ದೇಶದ ಸೈನ್ಯದಲ್ಲಿದ್ದು, ಆಮೇಲೆ ಇಲ್ಲಿಗೆ ಬಂದು ಒಂದು ಮೆಷೀನ್ ಶಾಪಿನಲ್ಲಿ ದುಡಿದು ನಿವೃತ್ತರಾದವರು. ನಾವು ಆ ಮನೆಗೆ ಬಂದ ಹೊಸದರಲ್ಲಿ ನಾನು ಪುಳಿಯೋಗರೆ ಮಾಡಿ ಅವರಿಗೆ ಕೊಂಡುಹೋಗಿದ್ದೆ. ಆಂಟಿ ಡಬ್ಬಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿ, ಗಂಡನ ಮುಂದಿಟ್ಟರು. "ಬೇಟಾ, ತಪ್ಪು ತಿಳೀಬೇಡ. ನಾನು ನಮ್ಮ ಗುರುದ್ವಾರದಲ್ಲಿ ದೀಕ್ಷೆ ತೊಗೊಂಡೋಳು. ಹಾಗೆ ದೀಕ್ಷೆ ತೊಗೊಂಡ ನಮ್ಮ ಬಳಗದವರು ಮಾಡಿದ್ದು ಬಿಟ್ಟು ಬೇರೆಯವರ ಕೈಯದು ತಿನ್ನಲ್ಲ," ಅಂದರು. ನಮ್ಮ ಮಾತು ನನ್ನ ಮುರುಕು ಹಿಂದಿಯಲ್ಲೂ ಅವರ ಪಂಜಾಬಿ ಬೆರೆತ ಹಿಂದಿಯಲ್ಲೂ ನಡೆಯುತ್ತಿತ್ತು; ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ನನಗೆ ಎಂಥ ಕೋಪ ಬಂತೆಂದರೆ ಹೇಳತೀರದು. ಮೈಸೂರಿನ ಅಗ್ರಹಾರದಲ್ಲಿ ನಮ್ಮಜ್ಜಿ ಇಡೀ ಬೀದಿಗೆ ಇದೇ ಮಾತನ್ನು ಇಷ್ಟು ನಯವಿಲ್ಲದೆ ಹೇಳಿಕೊಂಡು ಬದುಕಿದ್ದಳು. ಅದನ್ನು ಹೇಳಿಸಿಕೊಳ್ಳುವ ಸರದಿ ನಮ್ಮ ಮನೆಗೂ ಬರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಸಸ್ಯಾಹಾರವೆಂಬುದು ನನಗೆ ಹುಟ್ಟುತ್ತಲೇ ಕೊಟ್ಟ ಡಿಗ್ರಿ. ಪರೀಕ್ಷೆ ಬರೆಯದೆ ಬಂದದ್ದು.

ಅಂಕಲ್ ಮಾತ್ರ ಮಾಂಸ ತಿನ್ನುತ್ತಿದ್ದರು. ಮನೆಯೊಳಗಲ್ಲ, ಗರಾಜಿನಲ್ಲಿ. ಅಲ್ಲಿ ಅವರದೇ ಒಂದು ಗ್ಯಾಸ್ ಒಲೆ, ಒಂದು ಪಾತ್ರೆ, ಒಂದು ಸಣ್ಣ ಫ್ರೀಜರ್. ಗರಾಜಿನ ಬಾಗಿಲನ್ನು ಅರ್ಧ ಎತ್ತಿ, ಕೋಟು ಹಾಕಿಕೊಂಡು, ಜನವರಿಯಲ್ಲೂ ಬೇಯಿಸಿಕೊಳ್ಳುತ್ತಿದ್ದರು. ನಾನು, ತಿಳಿದವಳ ಹಾಗೆ, "ಅಂಕಲ್, ನಿಮ್ಮ ಗುರುದ್ವಾರದಲ್ಲಿ ಮಾಂಸ ಮಾಡೋದೇ ಇಲ್ಲವಲ್ಲ, ಅಂದಮೇಲೆ ಸಿಖ್ಖರು ಸಸ್ಯಾಹಾರಿಗಳೇ ತಾನೆ?" ಎಂದು ಒಮ್ಮೆ ಕೇಳಿಬಿಟ್ಟೆ. ಅಂದು ಸಂಜೆಯ ಚಹಾ ಎರಡು ಗಂಟೆ ನಡೆಯಿತು.

"ಅಲ್ಲಿ ಮಾಡಲ್ಲ ಯಾಕೆ ಗೊತ್ತಾ?" ಅಂದರು ಅಂಕಲ್. "ಯಾರು ಬಂದ್ರೂ ಪಕ್ಕಪಕ್ಕ ಕೂತು ಉಣ್ಲಿ ಅಂತ. ನಿನ್ನಂಥೋಳೂ ಉಣ್ಲಿ ಅಂತ. ಗುರುಗಳು ಬೇಟೆಗೆ ಹೋಗ್ತಿದ್ರು. ನಮಗೆ ಬೇಡ ಅಂದಿರೋದು ಹಲಾಲ್ ಕ್ರಮದ್ದು ಮಾತ್ರ. ಒಂದೇ ಏಟಿಗೆ ಕಡಿದದ್ದನ್ನ ತಿನ್ನಬಾರದು ಅಂತ ನಿಯಮದಲ್ಲಿ ಎಲ್ಲಿದೆ, ತೋರಿಸು ಅಂತೀನಿ ಇವಳಿಗೆ."

"ಒಂದು ಏಟಾದ್ರೇನು, ಹತ್ತು ಏಟಾದ್ರೇನು, ಹೋಗೋದು ಒಂದು ಜೀವ," ಅಂದರು ಆಂಟಿ, ಕೈಯಲ್ಲಿದ್ದ ಬಟಾಣಿ ಬಿಡಿಸುತ್ತಲೇ. "ದೀಕ್ಷೆ ಕೊಡೋ ಐದು ಜನ ಹಿರೀರು ಅವತ್ತು ನಂಗೆ ಹೇಳಿದ್ರು, ಮಾಂಸ ಬೇಡ ಅಂತ. ನಾನು ಹ್ಞೂಂ ಅಂದೆ. ಮುಗೀತು."

ಇಬ್ಬರೂ ಒಂದೇ ಗ್ರಂಥದ ಸಾಲುಗಳನ್ನು ಹೇಳುತ್ತಿದ್ದರು. ಎಷ್ಟೋ ಸಲ ಅದೇ ಸಾಲು. ಅವರಿಗೊಂದು ಅರ್ಥ, ಇವರಿಗೊಂದು. ಇಪ್ಪತ್ತೆರಡು ವರ್ಷದಿಂದ ನಡೆದಿದ್ದ ವಾದ ಅದು, ಯಾರೂ ಸೋತಿರಲಿಲ್ಲ. ಕೊನೆಗೆ ಅಂಕಲ್ ನನ್ನ ಕಡೆ ಬಾಗಿ, "ಅಂಬಾಲಾದ ಕ್ವಾರ್ಟರ್ಸ್‌ನಲ್ಲಿದ್ದಾಗ ಇವಳು ಮಾಡ್ತಿದ್ದ ಮೇಕೆ ಮೂಳೆ ಸಾರು ಕುಡಿಯೋಕೆ ನಮ್ಮ ಸುಬೇದಾರ್ ಸಾಹೇಬರು ಬರೋರು," ಅಂದರು. ಆಂಟಿ ಎದ್ದು ಒಳಗೆ ಹೋದರು.

ನಾನು ಕೆಲಸ ಕಳೆದುಕೊಂಡ ತಿಂಗಳಲ್ಲೇ ಅಂಕಲ್‌ಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಮಕ್ಕಳಿಲ್ಲದ ಮನೆ, ಆಂಟಿಗೆ ಕಾರು ಓಡಿಸಲು ಬಾರದು. ಹಾಗಾಗಿ ಆಸ್ಪತ್ರೆಗೆ ಡ್ರೈವರ್ ನಾನೇ ಆದೆ. ನಿಜ ಹೇಳಬೇಕೆಂದರೆ, ಬೆಳಿಗ್ಗೆ ಹೊರಡಲು ಒಂದು ಜಾಗ ಸಿಕ್ಕಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಔಷಧಿ ಶುರುವಾದ ಮೇಲೆ ಅಂಕಲ್ ಏನನ್ನೂ ತಿನ್ನದಾದರು. ಆಂಟಿಯ ಬೇಳೆ, ಗಂಜಿ, ಹಾಲು ಎಲ್ಲ ಹಾಗೇ ವಾಪಸು ಬರುತ್ತಿತ್ತು. ಅಷ್ಟು ಎತ್ತರದ ಮನುಷ್ಯ ಕಂಬಳಿಯಡಿ ಇದ್ದಾರೋ ಇಲ್ಲವೋ ಎನ್ನುವಂತಾದರು. ಒಂದು ಮಧ್ಯಾಹ್ನ ಮಂಪರಿನಲ್ಲಿ, "ಮೊಹಿಂದರ್, ಸಾರು ಆಯ್ತಾ? ಸಾಹೇಬರು ಬಂದಿದಾರೆ," ಅಂದರು. ಎಚ್ಚರವಾದಾಗ ಆಂಟಿ ಕೇಳಿದರೆ, ತಾವು ಏನೂ ಅನ್ನಲೇ ಇಲ್ಲವೆಂದು ಅಂಕಲ್ ಸಾಧಿಸಿದರು.

ಮಾರನೆಯ ದಿನ ಆಂಟಿ ನನ್ನ ಬಾಗಿಲು ತಟ್ಟಿದರು. ಬೂಟು ಹಾಕಿಕೊಂಡೇ ಬಂದಿದ್ದರು. "ಹಾವೆಲ್ ಹತ್ರ ಒಂದು ಫಾರ್ಮ್ ಇದೆ. ಇವರು ಅಲ್ಲಿಂದಾನೇ ತರೋದು. ಕರ್ಕೊಂಡು ಹೋಗ್ತೀಯಾ?"

"ಆಂಟಿ, ಇಲ್ಲೇ ಅಂಗಡಿಯಲ್ಲಿ ಸಿಗತ್ತಲ್ಲ," ಅಂದೆ.

"ಅದು ಹಲಾಲ್. ಅವರ ನಿಯಮಾನ ನಾನು ಯಾಕೆ ಮುರೀಲಿ?"

ಮುರಿಯಲು ಹೊರಟಿದ್ದದ್ದು ತಮ್ಮ ನಿಯಮವನ್ನು ಮಾತ್ರ. ಮಾಂಸ ತಿನ್ನದ ಇಬ್ಬರು ಹೆಂಗಸರು, ಸರಿಯಾದ ಮಾಂಸ ಹುಡುಕಿಕೊಂಡು, ಹಿಮ ಬೀಳುತ್ತಿದ್ದ ಹೆದ್ದಾರಿಯಲ್ಲಿ ಮೂವತ್ತೈದು ಮೈಲಿ ಹೋದೆವು. ದಾರಿಯಲ್ಲಿ ನಾನು, "ನಾನೇ ಮಾಡಿಕೊಡ್ತೀನಿ ಆಂಟಿ. ನಂಗೆ ದೀಕ್ಷೆ ಗೀಕ್ಷೆ ಏನಿಲ್ಲ," ಅಂದೆ. ಅವರು ಕಿಟಕಿಯಾಚೆ ನೋಡುತ್ತಾ, "ನೀನು ಮಾಡಿದ್ರೆ ಬಿಸಿನೀರಾಗತ್ತೆ," ಅಂದರು. ಫಾರ್ಮಿನ ಮುದುಕ ಅಂಕಲ್ ಹೆಸರು ಕೇಳಿ ಟೋಪಿ ತೆಗೆದ. ಎಂದಿನಂತೆಯೇ ಮಾಡಿಕೊಡುತ್ತೇನೆಂದು ಕೊಟ್ಟಿಗೆಗೆ ಹೋದ. ಆಂಟಿ ಅವನ ಹಿಂದೆಯೇ ಹೋಗಿ, ಕೊಟ್ಟಿಗೆಯ ಗೋಡೆಗೆ ಕೈಯೂರಿ ನಿಂತರು; ತುಟಿ ಅಲುಗುತ್ತಿತ್ತು. ನಾನು ಕಾರಿನಲ್ಲಿ ಹೀಟರ್ ಹಾಕಿಕೊಂಡು, ರೇಡಿಯೋ ಜೋರು ಮಾಡಿಕೊಂಡು ಕೂತಿದ್ದೆ.

ಸಾರು ಬೆಂದದ್ದು ಗರಾಜಿನಲ್ಲಿ, ಅಂಕಲ್ ಪಾತ್ರೆಯಲ್ಲಿ. ಹೊರಗೆ ಹದಿನೈದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಆಂಟಿ ಶಾಲು ಬಿಗಿದು ಕಟ್ಟಿಕೊಂಡು ಈರುಳ್ಳಿ ಬಾಡಿಸಿದರು. ಶುಂಠಿ, ಮೆಣಸು, ದೊಡ್ಡ ಏಲಕ್ಕಿ ಜಜ್ಜಿ ಹಾಕಿದರು. ಇಪ್ಪತ್ತೆರಡು ವರ್ಷ ಬಿಟ್ಟಿದ್ದ ಕೈ ಒಂದು ಕ್ಷಣವೂ ತಡವರಿಸಲಿಲ್ಲ. ಅದನ್ನು ನೋಡಿ ಅವರಿಗೇ ದುಃಖವಾದಂತೆ ಕಂಡಿತು. ಕೊನೆಗೆ ಸೌಟು ಹಿಡಿದು ನಿಂತುಬಿಟ್ಟರು.

"ಉಪ್ಪು ನೋಡೋಕಾಗಲ್ಲ," ಅಂದರು.

"ನಾನು ನೋಡ್ಲಾ?" ಅಂದೆ. ಬಾಯಿಮಾತಿಗೆ ಅಂದದ್ದು. ಅದು ಅವರಿಗೂ ಗೊತ್ತಾಯಿತು. "ನಿಂಗ್ಯಾಕೆ ಬೇಟಾ," ಎಂದು ಒಲೆ ಆರಿಸಿದರು.

ಬಟ್ಟಲು ಮಂಚದ ಹತ್ತಿರ ಬರುತ್ತಲೇ ಅಂಕಲ್‌ಗೆ ವಾಸನೆಯಿಂದಲೇ ತಿಳಿಯಿತು. ಹೆಂಡತಿಯ ಮುಖ ನೋಡಿದರು. "ಯಾರು ಮಾಡಿದ್ದು?"

"ನಾನೇ."

"ತೊಗೊಂಡು ಹೋಗು. ನಂಗೆ ಬೇಡ."

ಆಂಟಿ ಮಂಚದ ಅಂಚಿಗೆ ಕೂತರು. "ಮಾಡಿ ಆಗಿದೆ. ನೀವು ಕುಡಿದ್ರೂ ನಾನು ಉತ್ತರ ಹೇಳ್ಬೇಕು, ಕುಡೀದೆ ಇದ್ರೂ ಹೇಳ್ಬೇಕು. ಸುಮ್ಮನೆ ಕುಡೀರಿ."

ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕಾದರು. ಆಮೇಲೆ ಅಂಕಲ್ ಬಾಯಿ ತೆರೆದರು, ಆಂಟಿ ಚಮಚದಲ್ಲಿ ಕುಡಿಸಿದರು. ಅರ್ಧ ಬಟ್ಟಲು ಖಾಲಿಯಾದ ಮೇಲೆ ಅಂಕಲ್ ಕಣ್ಣು ಮುಚ್ಚಿಕೊಂಡು, "ಉಪ್ಪು ಕಡಿಮೆ," ಅಂದರು. ಆಂಟಿ ನಕ್ಕರು, ಆ ನಗುವಿನಲ್ಲೇ ಅತ್ತರು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ.

ಅದು ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ. ಆಂಟಿ ಬಾಯಿ ಬಿಡದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಭಾನುವಾರ ಅವರು ಗುರುದ್ವಾರದಲ್ಲಿ ತಮ್ಮ ಬಳಗದ ಐವರು ಹಿರಿಯರ ಮುಂದೆ ತಾವೇ ಹೋಗಿ ನಿಂತರು. ದೀಕ್ಷೆ ಪಡೆದವರು ತಪ್ಪಿದಾಗ ಹಾಗೆ ಹೋಗಿ ಹೇಳಿಕೊಳ್ಳಬೇಕಂತೆ. ಆ ಐವರು ಕೂತ ಕೋಣೆಗೆ ನನಗೆ ಪ್ರವೇಶವಿಲ್ಲ. ಹೊರಗೆ ಚಪ್ಪಲಿಗಳ ನಡುವೆ ಕಾದೆ. ಮುಕ್ಕಾಲು ಗಂಟೆಯಾದ ಮೇಲೆ ಬಂದರು.

"ಇಬ್ಬರು ಇದು ತಪ್ಪೇ ಅಲ್ಲ ಅಂದ್ರು, ನಾನು ತಿಂದಿಲ್ಲವಲ್ಲ ಅಂತ. ಇಬ್ಬರು ದೊಡ್ಡ ತಪ್ಪು ಅಂದ್ರು. ಅವರವರೇ ವಾದಕ್ಕೆ ಕೂತ್ರು, ನಾನು ನಿಂತಿರೋದೇ ಮರೆತ್ರು. ಕೊನೆಗೆ ಐದನೆಯವರು, ಎಲ್ಲರಿಗಿಂತ ಹಿರೀರು, ಒಂದೇ ಪ್ರಶ್ನೆ ಕೇಳಿದ್ರು, ಇನ್ನೊಂದು ಸಲ ಮಾಡ್ತೀಯಾ ಅಂತ."

"ಏನಂದ್ರಿ?"

"ನಾಳೆ ಅವರು ಕೇಳಿದ್ರೆ ನಾಳೇನೂ ಮಾಡ್ತೀನಿ ಅಂದೆ. ಗ್ರಂಥದ ಮುಂದೆ ಸುಳ್ಳು ಹೇಳ್ಲಾ?"

ಪಶ್ಚಾತ್ತಾಪವಿಲ್ಲದವರನ್ನು ಕ್ಷಮಿಸುವುದು ಹೇಗೆ? ಮನಸ್ಸು ಬದಲಾದಾಗ ಬಾ ಎಂದು ಕಳಿಸಿದ್ದರು. ಅಂದಿನಿಂದ ಬಳಗದ ಹೆಂಗಸರು ಅವರ ಕೈಯ ರೊಟ್ಟಿ ತಿನ್ನುವುದನ್ನು ಬಿಟ್ಟರು. ಯಾರೂ ಕಟುವಾಗಿ ಮಾತಾಡಲಿಲ್ಲ. ಗುರುದ್ವಾರದ ಅಡುಗೆಮನೆಯಲ್ಲಿ ಆಂಟಿ ಹಿಟ್ಟಿನ ಕಡೆ ಬಂದರೆ ಮೆಲ್ಲಗೆ ಜಾಗ ತುಂಬಿಕೊಳ್ಳುತ್ತಿದ್ದರು ಅಷ್ಟೆ. ಇಪ್ಪತ್ತು ವರ್ಷ ಪ್ರತಿ ಭಾನುವಾರ ಲಂಗರಿನ, ಅಂದರೆ ಎಲ್ಲರಿಗೂ ಬಡಿಸುವ ಆ ಊಟದ, ಹಿಟ್ಟು ನಾದುತ್ತಿದ್ದವರು ತಟ್ಟೆ ತೊಳೆಯುವ ತೊಟ್ಟಿಯ ಹತ್ತಿರ ಹೋಗಿ ನಿಂತರು. ಅವರ ಪಕ್ಕದಲ್ಲಿ ನಾನೂ ನಿಂತೆ. ಆ ವರ್ಷ ತಟ್ಟೆಗಳಿಗೇನು ಕೊರತೆ? ಫ್ಯಾಕ್ಟರಿಗಳಿಂದ ಕಳಿಸಲ್ಪಟ್ಟವರು ಯಾವ ಯಾವ ಧರ್ಮದವರೋ, ತಲೆಗೆ ಕರವಸ್ತ್ರ ಕಟ್ಟಿಕೊಂಡು, ಸಂಸಾರ ಸಮೇತ ಬಂದು ಸಾಲಾಗಿ ಕೂರುತ್ತಿದ್ದರು. ನಾನು ನಾಚಿಕೆಯಿಂದ ಊಟಕ್ಕೆ ಕೂರದಿದ್ದರೆ ಆಂಟಿ ಒದ್ದೆ ಕೈಯಲ್ಲೇ ನನ್ನ ಭುಜ ಅದುಮಿ ಕೂರಿಸುತ್ತಿದ್ದರು.

ಸಾರು ಇನ್ನೂ ನಾಲ್ಕು ಸಲ ಆಯಿತು. ಪ್ರತಿ ಸಲವೂ ಅಂಕಲ್ ಉಪ್ಪಿನ ಬಗ್ಗೆ ತಕರಾರು ಮಾಡಿದರು. ಮೇ ತಿಂಗಳಲ್ಲಿ ತೀರಿಕೊಂಡರು.

ಹದಿಮೂರನೆಯ ದಿನವಿರಬೇಕು, ಬಳಗದ ಇಬ್ಬರು ಹೆಂಗಸರು ಬಂದು ಪ್ರೀತಿಯಿಂದಲೇ ಹೇಳಿದರು: "ಇನ್ನು ಮಾಡೋ ಪ್ರಸಂಗ ಬರಲ್ಲ. ತಪ್ಪಾಯ್ತು ಅಂತ ಒಂದು ಮಾತು ಹೇಳಿ ವಾಪಸು ಬಾ ಅಕ್ಕಾ." ಆಂಟಿ ಆಗುವುದಿಲ್ಲವೆಂದು ತಲೆಯಾಡಿಸಿದರು. ಅವರು ಹೋದಮೇಲೆ ನನ್ನೊಡನೆ, "ಈಗ ತಪ್ಪಾಯ್ತು ಅಂದ್ರೆ ಅವರ ಬಾಯಿಂದ ಚಮಚ ಕಿತ್ಕೊಂಡ ಹಾಗೆ," ಅಂದರು. ಆ ಮಾತನ್ನು ನಾನು ಯಾರಿಗೂ ವಿವರಿಸಿ ಹೇಳಲಾರೆ.

ಶರತ್ಕಾಲದಲ್ಲಿ ನಾವು ಮನೆ ಬಿಟ್ಟು ಇಲ್ಲಿಗೆ ಬಂದೆವು. ಮುಂದಿನದನ್ನು ನಾನು ಫೋನಿನಲ್ಲಿ ಕೇಳಿದ್ದು. ಒಂದೂವರೆ ವರ್ಷ ಆಂಟಿ ತಟ್ಟೆ ತೊಳೆದರು. ಒಂದು ಭಾನುವಾರ ಅಂದು ಪ್ರಶ್ನೆ ಕೇಳಿದ್ದ ಹಿರಿಯರೇ ತೊಟ್ಟಿಯ ಹತ್ತಿರ ಬಂದು, ತೋಳು ಮಡಿಸಿ, ಒಂದಷ್ಟು ತಟ್ಟೆ ತೊಳೆದರಂತೆ. ಆಮೇಲೆ, "ಅವತ್ತು ನಾನು ಕೇಳಿದ ಪ್ರಶ್ನೆ ಸರಿಯಿರಲಿಲ್ಲ ತಾಯಿ. ಮಾಡಿದ್ದು ಇರಲಿ. ವ್ರತಕ್ಕೆ ವಾಪಸು ಬರೋ ಮನಸ್ಸಿದೆಯಾ, ಅದನ್ನ ಕೇಳಬೇಕಿತ್ತು," ಅಂದರಂತೆ. ಆಂಟಿ ಇದೆ ಅಂದರು. ಎರಡನೆಯ ಸಲ ದೀಕ್ಷೆ ಕೊಟ್ಟರು. "ಈಗ ಹಿಟ್ಟು ನಾದ್ತಿದೀನಿ. ಭುಜ ನೋಯತ್ತೆ, ಅಭ್ಯಾಸ ತಪ್ಪಿದೆ," ಎಂದು ನಕ್ಕರು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು.

ನಾನಿನ್ನೂ ಸಸ್ಯಾಹಾರಿಯೇ. ಮಾಂಸ ತಿನ್ನಬೇಕೆಂದು ಒಮ್ಮೆಯೂ ಅನ್ನಿಸಿಲ್ಲ. ಹಾಗಾಗಿ ಅದರಲ್ಲಿ ನನ್ನ ಹೆಚ್ಚುಗಾರಿಕೆಯೇನೂ ಇಲ್ಲವೆಂದು ಆ ಚಳಿಗಾಲದಲ್ಲೇ ಗೊತ್ತಾಗಿತ್ತು. ಆದರೆ ಗೊತ್ತಿರುವುದಕ್ಕೂ ನಡೆದುಕೊಳ್ಳುವುದಕ್ಕೂ ನಡುವೆ ನನಗೆ ಹದಿನೈದು ವರ್ಷ ಬೇಕಾಯಿತು.

ಶನಿವಾರ ಅಂಗಡಿಯಿಂದ ಮನೆಗೆ ಬಂದಾಗ ಡ್ರೈವ್‌ವೇಯಲ್ಲಿ ಅದಿತಿಯ ಕಾರು ನಿಂತಿತ್ತು, ಇಂಜಿನ್ ಓಡುತ್ತಿತ್ತು. ಅವಳೀಗ ಶಿಕಾಗೋದಲ್ಲಿ ಕೆಲಸ ಮಾಡುತ್ತಾಳೆ. ವಾರಾಂತ್ಯಕ್ಕೆ ಬಂದಾಗ, ಒಳಗೆ ಬರುವ ಮುಂಚೆ ಕಾರಿನಲ್ಲೇ ಕೂತು ಏನೋ ತಿಂದು, ಬಾಯಿಗೆ ಪೆಪ್ಪರ್‌ಮಿಂಟು ಹಾಕಿಕೊಂಡು ಬರುತ್ತಾಳೆ. ನನಗೆ ಗೊತ್ತು, ಗೊತ್ತಿಲ್ಲದವಳ ಹಾಗೆ ಅಡುಗೆಮನೆಯಲ್ಲಿ ಇದ್ದುಬಿಡುತ್ತೇನೆ. ಅಂದು ಹೋಗಿ ಗಾಜು ತಟ್ಟಿದೆ. ಅವಳು ಬೆಚ್ಚಿ ಕಾಗದದ ಚೀಲವನ್ನು ಸೀಟಿನ ಕೆಳಗೆ ತಳ್ಳಿದಳು.

"ಒಳಗೆ ಬಂದು ತಿನ್ನು," ಅಂದೆ.

"ಅಮ್ಮ, ಇಟ್ಸ್ ಚಿಕನ್."

"ಗೊತ್ತು. ಚಳಿ ಇದೆ, ಬಾ."

"ಆರ್ ಯು ಶ್ಯೂರ್?"

ಅವಳು ಊಟದ ಮೇಜಿನ ಹತ್ತಿರ ನಿಂತು ಪೇಪರ್ ಪ್ಲೇಟಿಗಾಗಿ ಕಪಾಟು ಹುಡುಕತೊಡಗಿದಳು. ನಾನು ನಾವು ದಿನಾ ಉಣ್ಣುವ ಸ್ಟೀಲ್ ತಟ್ಟೆಯೊಂದನ್ನು ಒರೆಸಿ ಅವಳ ಮುಂದಿಟ್ಟೆ. ಅವಳು ಅದನ್ನೂ ನನ್ನನ್ನೂ ಒಂದು ಗಳಿಗೆ ನೋಡಿ, ಕೂತಳು. ನನ್ನ ತಟ್ಟೆಗೆ ಅನ್ನ ಬಡಿಸಿಕೊಂಡು ನಾನೂ ಅವಳ ಎದುರಿಗೆ ಕೂತೆ.