ಪರೀಕ್ಷಾ ಕೊಳವೆಯ ನೀರು ಮತ್ತು ನಮ್ಮ ಅತ್ತಿಗೆ

ನಮ್ಮ ಅತ್ತಿಗೆ ಹಗ್ಗ ಕಂಡರೂ ಹಾವೆನ್ನುವ ಹೆಂಗಸು. ಬಟ್ಟೆ ಹೊಲಿಯುವುದು ಕಸುಬು. ಗಿರಾಕಿ ತಂದ ಬಟ್ಟೆಯನ್ನು ಅವರೆದುರೇ ಎರಡು ಸಲ ಅಳೆಯದೆ ಕತ್ತರಿ ಹಿಡಿದವಳಲ್ಲ. ಬೀದಿಯವರು ಇಟ್ಟ ಹೆಸರು ಪೊಲೀಸಮ್ಮ. ನಾನು ಅವಳ ನಾದಿನಿ, ಹೊಗಳುವುದು ನನ್ನ ಜಾಯಮಾನವಲ್ಲ. ಆದರೂ ಇದನ್ನು ಹೇಳಲೇಬೇಕು.

ಮನೆಯ ಹಿಂದೆ ಅಗ್ನಿಶಾಮಕ ದಳದ ತರಬೇತಿ ಮೈದಾನ. ನಮ್ಮಣ್ಣ ಅಲ್ಲೇ ದುಡಿದು ನಿವೃತ್ತನಾದವನು. ಎಣ್ಣೆಗೆ ಬೆಂಕಿ ಹಚ್ಚಿ, ನೊರೆ ಸುರಿದು ಆರಿಸುವುದು ಅವರ ಅಭ್ಯಾಸ. ಆ ನೊರೆ ವರ್ಷಗಟ್ಟಲೆ ನೆಲಕ್ಕಿಳಿದು ಬೀದಿಯ ಬೋರ್‌ವೆಲ್‌ಗಳನ್ನೆಲ್ಲ ಕೆಡಿಸಿದೆ ಎಂದು ಹೋದ ವರ್ಷ ಗೊತ್ತಾಯಿತು. ಕುಡಿಯಲು ಟ್ಯಾಂಕರ್ ನೀರು ಬಂತು. ಆಮೇಲೆ ಗುತ್ತಿಗೆದಾರರು ಬಂದು, ಬೀದಿಯುದ್ದಕ್ಕೂ ತೂತು ಕೊರೆದು, ಇದ್ದಿಲ ಪುಡಿ ಕಲಸಿದ ಕಪ್ಪು ನೀರನ್ನು ನೆಲದೊಳಕ್ಕೆ ಒತ್ತಿದರು. ಇದ್ದಿಲು ವಿಷವನ್ನು ಹಿಡಿದಿಟ್ಟುಕೊಳ್ಳುತ್ತದಂತೆ, ದಾಟಿ ಬರುವ ನೀರು ಶುದ್ಧವಂತೆ. ಬೀದಿಯ ಮೂಲೆಯಲ್ಲಿ ನೆಟ್ಟ ಪರೀಕ್ಷಾ ಕೊಳವೆಯ ನೀರು ಚೆನ್ನಾಗಿದೆ ಎಂದು ವರದಿಯೂ ಬಂತು. ಇನ್ನೊಂದು ಸಲ ಹಾಗೇ ಬಂದರೆ ಟ್ಯಾಂಕರ್ ಬಂದ್.

ಅತ್ತಿಗೆಯ ಮಗಳು ಹಸುಗೂಸಿನೊಂದಿಗೆ ತವರಲ್ಲೇ ಇದ್ದಳು. ಕೂಸಿಗೆ ಇನ್ನೇನು ನೀರು ಕುಡಿಸಲು ಶುರುಮಾಡಬೇಕು. ಟ್ಯಾಂಕರ್ ನಿಂತರೆ ಬೋರ್‌ವೆಲ್‌ನಿಂದ ಬರುವ ನಲ್ಲಿ ನೀರೇ ಗತಿ. ಅತ್ತಿಗೆಗೆ ಊಟ ಸೇರಲಿಲ್ಲ.

"ನಿಮ್ಮ ನೊರೆ ಬರೀ ಸೋಪು ಅಂತ ನಂಬಿ ಕೆಟ್ಟೆ," ಎಂದು ಅಣ್ಣನನ್ನು ಕುಟುಕಿದಳು.

"ನಮಗೂ ಹಾಗೇ ಹೇಳಿದ್ರು ಕಣೇ," ಎಂದ ಅಣ್ಣ.

ನೀರಿನ ಪರೀಕ್ಷೆಯವನು ಎರಡನೇ ಸಲ ಬಂದ ದಿನ ಅತ್ತಿಗೆ ಮೆಷಿನ್ ಬಿಟ್ಟೆದ್ದು ಅವನ ಬೆನ್ನ ಹಿಂದೆಯೇ ನಿಂತಳು. ಜಗಳವಾದರೆ ಇರಲಿ ಎಂದು ನಾನೂ ಹೋದೆ. ಕೊಳವೆಯಿಂದ ಎತ್ತಿದ ನೀರು ಬೂದು ಬಣ್ಣಕ್ಕಿತ್ತು. ಅವನು ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಾಟಲಿಗೆ ಬಗ್ಗಿಸಿದ. ತಳದಲ್ಲಿ ಕರಿ ಗಸಿ ಉಳಿಯಿತು.

"ಏನಪ್ಪಾ ಅದು ಕರೀದು?"

"ನಾನೇನೂ ಮೋಸ ಮಾಡ್ತಿಲ್ಲಮ್ಮ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ!

"ಮೋಸ ಅಂತ ಯಾರಂದ್ರು? ಏನದು ಅಂತ ಕೇಳಿದೆ, ಅಷ್ಟೆ."

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಇದ್ದಿಲು. ಕೊಳವೆಗೆ ತೀರಾ ಹತ್ತಿರ ಕೊರೆದುಬಿಟ್ರು. ಒತ್ತುವಾಗ ಒಳಗೇ ನುಗ್ಗಿ ಕೂತಿದೆ."

"ಇದ್ದಿಲು ಒಳಗೇ ಕೂತು ವಿಷ ಹಿಡಿದಿಟ್ರೆ ಈ ಕೊಳವೇಲಿ ನೀರು ಚೆನ್ನಾಗಿರದೆ ಇನ್ನೇನು? ನಮ್ಮನೆ ನಲ್ಲೀಲಿ?"

ಅವನು ಚೀಲದಿಂದ ಖಾಲಿ ಬಾಟಲಿಯೊಂದನ್ನು ತೆಗೆದ.

"ನಲ್ಲಿ ಎಲ್ಲಿದೆ, ತೋರಿಸಿ."

ವರದಿ ಬಂತು. ನಮ್ಮ ನಲ್ಲಿಯಲ್ಲಿ ವಿಷ ಮೊದಲಿದ್ದಷ್ಟೇ ಇತ್ತು. ಟ್ಯಾಂಕರ್ ನಿಲ್ಲಲಿಲ್ಲ. ಪೊಲೀಸಮ್ಮ ಎಂದು ಆಡಿಕೊಂಡವರೇ ಮನೆಗೆ ಬಂದು ಹೊಗಳಿದರು. ಅತ್ತಿಗೆ ಬೀಗಿದ್ದೇ ಬೀಗಿದ್ದು. ನಿಜ ಹೇಳಬೇಕೆಂದರೆ ನನಗೂ ಹೆಮ್ಮೆಯಾಯಿತು.

"ನನ್ನ ಮೊಮ್ಮಗಳ ಬಾಯಿಗೆ ಆ ವಿಷದ ಒಂದು ಹನಿ ಬೀಳೋಕೂ ನಾನು ಬಿಡಲ್ಲ!" ಎಂದಳು.

ಮಗಳು ಒಳಕೋಣೆಯಲ್ಲಿ ಕೂಸಿಗೆ ಹಾಲೂಡಿಸುತ್ತಿದ್ದಳು. ಅಲ್ಲಿಂದಲೇ ಕೇಳಿದಳು:

"ಅಮ್ಮಾ, ಹುಟ್ಟಿದಾಗಿಂದ ನಾನು ಇದೇ ನೀರು ಕುಡಿದು ಬೆಳೆದವಳು. ಈಗ ಇವಳು ಕುಡೀತಿರೋದು ನನ್ನ ಹಾಲು. ಇದನ್ನ ಯಾರು ಪರೀಕ್ಷೆ ಮಾಡ್ತಾರಮ್ಮಾ?"

ಅತ್ತಿಗೆ ಅಣ್ಣನ ಮುಖ ನೋಡಿದಳು. ಅವನು ಎದ್ದು ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೋದ. ಒಳಗೆ ಕೂಸು ಚಪ್ಪರಿಸಿ ಕುಡಿಯುವ ಸದ್ದು ನಮಗೆಲ್ಲ ಕೇಳಿಸುತ್ತಿತ್ತು.